ಕಾಫಿ ಹೂ ಉದುರಿದ ಮೇಲೆ ಜೇನಿಗೆ ಏನು? ಚಿಕ್ಕಮಗಳೂರು ಸೀಮೆಯ ಅಂಗಳಕ್ಕೆ ನಾಡ ಹೂಗಿಡ, ಹುಲ್ಲು ಆಯುವ ಬಗೆ

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಮೂಡಿಗೆರೆ, ಆಲ್ದೂರು ಸುತ್ತಿನ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಕಾಫಿಯಲ್ಲಿ ಅರೇಬಿಕಾ ಜಾತಿ ತನ್ನದೇ ಪರಾಗದಲ್ಲಿ ಕಾಯಿ ಕಟ್ಟಿಕೊಳ್ಳುತ್ತದೆ. ರೊಬಸ್ಟಾಕ್ಕೆ ಅದು ಒಗ್ಗದು, ಬೇರೆ ಗಿಡದ ಪರಾಗ ಬರಲೇಬೇಕು. ಗಾಳಿ ಒಂದಷ್ಟು ತರುತ್ತದೆ, ಉಳಿದದ್ದು ಹೆಜ್ಜೇನು, ತುಡುವೆ, ಮಿಸರಿ ಜೇನಿನ ಪಾಲು. ಎರಡು-ಮೂರು ದಿನ ಕಳೆದರೆ ಹೂವೆಲ್ಲ ಕಂದಿ ನೆಲ ಸೇರುತ್ತದೆ. ಅಷ್ಟು ದೊಡ್ಡ ಊಟ, ಅಷ್ಟೇ ಬೇಗ ಖಾಲಿ.

ಮುಂಗಾರು ಹಿಡಿದ ಮೇಲೆ ಮಲೆನಾಡಿನ ಜೇನಿಗೆ ವರ್ಷದ ಕೆಟ್ಟ ಕಾಲ. ಪೆಟ್ಟಿಗೆ ಇಟ್ಟವರು ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳುತ್ತಾರೆ. ಮಣ್ಣಿನ ತೂತಿನಲ್ಲಿ, ಒಣಕಡ್ಡಿಯೊಳಗೆ ಒಂಟಿಯಾಗಿ ಬದುಕುವ ಕಾಡು ಜೇನುಗಳಿಗೆ ಪಾಕ ಇಡುವವರು ಯಾರೂ ಇಲ್ಲ. ಅಂಗಳದ ಹೂತೋಟದಿಂದ ಅವಕ್ಕೆ ಉಪಯೋಗವಾಗುವುದು ಇಂಥ ಖಾಲಿ ತಿಂಗಳುಗಳಲ್ಲೇ. ಹಾಗಾಗಿ ಗಿಡ ಆಯುವ ಕೆಲಸವನ್ನು ನರ್ಸರಿಯಲ್ಲಿ ನಿಂತು ಶುರು ಮಾಡಬೇಡಿ. ನಿಮ್ಮ ಮನೆ ಸುತ್ತ ಯಾವ ತಿಂಗಳು ಹೂವಿಲ್ಲ ಎಂಬುದನ್ನು ಮೊದಲು ಕಂಡುಕೊಳ್ಳಿ.

1. ಹನ್ನೆರಡು ತಿಂಗಳ ಪಟ್ಟಿ

ಗೋಡೆಯ ಕ್ಯಾಲೆಂಡರ್ ಸಾಕು. ಮನೆಯಿಂದ ಕಣ್ಣಳತೆಯಲ್ಲಿ ಏನೇನು ಹೂ ಬಿಡುತ್ತದೋ ಆಯಾ ತಿಂಗಳ ಹಾಳೆಯಲ್ಲಿ ಬರೆಯುತ್ತ ಹೋಗಿ: ಹೊಂಗೆ, ನೇರಳೆ, ಮಾವು, ಕಾಫಿ, ಪಕ್ಕದ ಹೊಲದ ಸೂರ್ಯಕಾಂತಿ, ಬೇಲಿಯ ಲಕ್ಕಿ. ತೆಂಗು, ಅಡಿಕೆ ಇದ್ದರೆ ಅವುಗಳ ಪರಾಗವೂ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷ ಕಾಯುವ ತಾಳ್ಮೆ ಇಲ್ಲದಿದ್ದರೆ ಜೇನು ಸಾಕಿದವರನ್ನೋ ಹಳೆಯ ರೈತರನ್ನೋ ಕೇಳಿ. ‘ಯಾವಾಗ ತುಪ್ಪ ಕೀಳ್ತೀರಿ, ಯಾವಾಗ ಪಾಕ ಇಡ್ತೀರಿ’ ಎಂಬ ಎರಡು ಪ್ರಶ್ನೆಗೆ ಬರುವ ಉತ್ತರದಲ್ಲೇ ನಿಮ್ಮ ಪಟ್ಟಿಯ ಅರ್ಧ ತುಂಬುತ್ತದೆ.

ಸಾಮಾನ್ಯವಾಗಿ ಮಲೆನಾಡಿನ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬರ. ಬಯಲು ಸೀಮೆಯಲ್ಲಿ ಬಿಸಿಲು ಏರಿದಾಗ, ಹೊಲಗಳೆಲ್ಲ ಖಾಲಿ ಬಿದ್ದಿರುವಾಗ ಕಷ್ಟ. ಜಿಲ್ಲೆ ಒಂದೇ ಆದರೂ ಲೆಕ್ಕ ಎರಡು.

2. ನೀವು ಯಾವ ಸೀಮೆಯಲ್ಲಿದ್ದೀರಿ?

ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಶೃಂಗೇರಿ ಕಡೆ ಅದು 3,000 ದಾಟುತ್ತದೆ. ನಡುವೆ ಚಿಕ್ಕಮಗಳೂರು ಪಟ್ಟಣ, ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿ, ಎರಡೂ ಕಡೆಯ ಗುಣ ಇಟ್ಟುಕೊಂಡು ಕೂತಿದೆ. ಮೂರೂ ಕಡೆಗೆ ಗಿಡಗಳ ಒಂದೇ ಪಟ್ಟಿ ಕೊಡುವವರನ್ನು ನಂಬಬೇಡಿ. ಶೃಂಗೇರಿಯ ಅಂಗಳದಲ್ಲಿ ತಂಗಡಿ ಮಳೆಗೆ ಕೊಳೆಯುತ್ತದೆ, ಕಡೂರಿನ ಬಿಸಿಲಲ್ಲಿ ನೆಕ್ಕರಿಕೆ ಒಣಗುತ್ತದೆ.

ಮಳೆಗಿಂತ ಹೆಚ್ಚಾಗಿ ನೋಡಬೇಕಾದ್ದು ಎರಡು. ಜಾಗಕ್ಕೆ ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ? ಆರು ಗಂಟೆ ಸಿಕ್ಕರೆ ಬಹುತೇಕ ಗಿಡ ಬರುತ್ತವೆ. ಸಿಲ್ವರ್ ಓಕ್ ನೆರಳಿನಡಿ ಆಯ್ಕೆ ಕಡಿಮೆ. ಇನ್ನೊಂದು, ನೀರು ನಿಲ್ಲುತ್ತದೆಯೇ? ಮೊಳದಾಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೆ ದಿನವೂ ನೀರು ಹಾಗೇ ಇದ್ದರೆ ಗಡ್ಡೆ ಗಿಡಗಳನ್ನು ಅಲ್ಲಿ ಹಾಕಬೇಡಿ, ಏರುಮಡಿ ಮಾಡಿ.

3. ಯಾವುದು ನಮ್ಮದು, ಯಾವುದಲ್ಲ

ಅಜ್ಜಿಯ ಕಾಲದಿಂದ ಅಂಗಳದಲ್ಲಿದೆ ಎಂದಮಾತ್ರಕ್ಕೆ ಗಿಡ ಈ ನೆಲದ್ದಾಗುವುದಿಲ್ಲ. ಚೆಂಡುಹೂ ಮೆಕ್ಸಿಕೋದ್ದು. ನಿತ್ಯಪುಷ್ಪ ಮಡಗಾಸ್ಕರಿನದು. ಸಂಜೆಮಲ್ಲಿಗೆ, ಮುಟ್ಟಿದರೆ ಮುನಿ ಎರಡೂ ಅಮೆರಿಕ ಖಂಡದಿಂದ ಬಂದವು. ಮಲೆನಾಡಿನ ಹೆಂಗಸರು ಗಡ್ಡೆ ಹಂಚಿಕೊಂಡು, ಬಣ್ಣ ಎಣಿಸಿಕೊಂಡು ಬೆಳೆಸುವ ಡೇರೆ ಹೂ ಕೂಡ ಮೆಕ್ಸಿಕೋದಿಂದಲೇ. ಅವನ್ನೆಲ್ಲ ಕಿತ್ತೆಸೆಯಿರಿ ಎಂದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ, ಅದರ ಅಗತ್ಯವೂ ಇಲ್ಲ. ಒಂಟಿ ಸುತ್ತಿನ ಎಸಳಿನ ಡೇರೆಯಲ್ಲಿ ಜೇನಿಗೆ ಪರಾಗ ಸಿಗುತ್ತದೆ. ಸುತ್ತುಸುತ್ತಾಗಿ ಎಸಳು ತುಂಬಿದ ತಳಿಯಲ್ಲಿ ಪರಾಗ, ಮಕರಂದ ಸಿಗುವ ಜಾಗವೆಲ್ಲ ಎಸಳಾಗಿಬಿಟ್ಟಿರುತ್ತದೆ. ಇರುವುದನ್ನು ಇಟ್ಟುಕೊಳ್ಳಿ, ಹೊಸದಾಗಿ ಹಾಕುವುದನ್ನು ನಾಡ ಗಿಡದಿಂದ ತುಂಬಿ.

ನಾಡ ಗಿಡಕ್ಕೇ ಏಕೆ ಜೋತುಬೀಳಬೇಕು ಎಂದು ಕೇಳುವವರಿದ್ದಾರೆ. ಮಕರಂದದ ವಿಷಯದಲ್ಲಿ ಚಿಟ್ಟೆ ಅಷ್ಟು ಗೊಡವೆ ಮಾಡುವುದಿಲ್ಲ, ಲಂಟಾನದ ಮೇಲೂ ಕೂರುತ್ತದೆ. ಮೊಟ್ಟೆ ಇಡುವಾಗ ಮಾತ್ರ ತನ್ನ ಮರಿ ತಿನ್ನಬಲ್ಲ ಎಲೆಯನ್ನೇ ಹುಡುಕುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಕುಟುಂಬದ ಗಿಡಗಳ ಮೇಲೆ ಮಾತ್ರ. ಅಂಗಳದಲ್ಲಿ ಎಷ್ಟೇ ಹೂ ಇದ್ದರೂ ಎಲೆ ಇಲ್ಲದಿದ್ದರೆ ಚಿಟ್ಟೆ ಬಂದು ಹೋಗುವ ನೆಂಟ, ಅಷ್ಟೆ.

ಹೊಸದಾಗಿ ಖಂಡಿತ ತರಬಾರದ ಕೆಲವಿವೆ. ನೆಲ ಮುಚ್ಚಲು ಮಾರುವ ಹಳದಿ ಹೂವಿನ ಸಿಂಗಾಪುರ್ ಡೈಸಿ ಒಮ್ಮೆ ಚರಂಡಿಗಿಳಿದರೆ ಕೆರೆಯವರೆಗೆ ಹೋಗುತ್ತದೆ. ಅಂದಕ್ಕೆಂದು ಮಾರುವ ಆಫ್ರಿಕಾದ ಫೌಂಟನ್ ಗ್ರಾಸ್ ಕೂಡ ಬೇಡ. ಲಂಟಾನ ತರಬೇಡಿ ಎಂದು ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ.

4. ಹೂಗಿಡಗಳ ಆಯ್ಕೆ

ಒಂದು ಗುಂಟೆ ಜಾಗಕ್ಕೆ ಎಂಟು-ಹತ್ತು ಜಾತಿ ಸಾಕು. ಪ್ರತಿ ಕಾಲಕ್ಕೂ ಕನಿಷ್ಠ ಮೂರು ಜಾತಿ ಹೂವಿನಲ್ಲಿರಬೇಕು. ಜಾತಿ ಹೆಚ್ಚಿಸುವುದಕ್ಕಿಂತ ಒಂದೇ ಜಾತಿಯ ಐದಾರು ಗಿಡ ಒಟ್ಟಿಗೆ ಹಾಕುವುದು ಮೇಲು. ಜೇನು ಒಂದು ಸುತ್ತಿಗೆ ಹೊರಟರೆ ಒಂದೇ ಬಗೆಯ ಹೂವನ್ನು ಹಿಡಿದು ಹೋಗುತ್ತದೆ, ಅಲ್ಲೊಂದು ಇಲ್ಲೊಂದು ಇದ್ದರೆ ಅದಕ್ಕೆ ಹಾರಾಟವೇ ನಷ್ಟ. ಮಿಸರಿಯಂಥ ಪುಟ್ಟ ಜೇನು ಗೂಡಿನಿಂದ ಕೆಲವು ನೂರು ಮೀಟರಿನಾಚೆ ಹೋಗುವುದೇ ಅಪರೂಪ.

ಮಳೆಗಾಲದ ಬರ ತುಂಬಲು. ಮಲೆನಾಡಿನವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಭಾಗ ಇದೇ. ಮೊದಲ ಆಯ್ಕೆ ಗಂಟುಭಾರಂಗಿ. ಬೇರು ಔಷಧಿಗೆ ಹೋಗುವುದರಿಂದ ಕಾಡಿನಲ್ಲಿ ಕಡಿಮೆಯಾಗುತ್ತಿದೆ, ಅಂಗಳದಲ್ಲಿ ಬೆಳೆಸಿದರೆ ಎರಡು ಲಾಭ. ತಿಳಿನೀಲಿ ಹೂ, ಮಳೆಯ ನಡುವೆ ಬಿಸಿಲು ಇಣುಕಿದ ಕೂಡಲೇ ಮರ ಕೊರೆದು ಗೂಡು ಮಾಡುವ ಕಪ್ಪು ಬಡಗಿ ಜೇನು ಹಾಜರು. ಕಾಡು ಅರಿಶಿನ, ಕಸ್ತೂರಿ ಅರಿಶಿನ ಎರಡೂ ಗಡ್ಡೆಯ ಗಿಡ. ಬೇಸಿಗೆಯಲ್ಲಿ ನೆಲದಡಿ ಮಲಗಿ ಮಳೆಗೆ ಏಳುತ್ತವೆ, ಅರೆನೆರಳಿಗೆ ಒಗ್ಗುತ್ತವೆ. ಅಂಚಿಗೆ ನೆಲತೆಂಗು ಹಾಕಿ. ನೋಡಲು ಹುಲ್ಲಿನ ಗಿಡದ ಹಾಗೆ, ಬುಡದಲ್ಲಿ ಹಳದಿ ನಕ್ಷತ್ರದಂಥ ಹೂ.

ನೆಕ್ಕರಿಕೆಯನ್ನು ರಸ್ತೆ ಬದಿಯ ಪೊದೆ ಎಂದು ಯಾರೂ ತಂದು ನೆಡುವುದಿಲ್ಲ. ಅದರ ನೇರಳೆ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಹೂವನ್ನು ಹಿಡಿದು ಮೈ ಗುಂಯ್‌ಗುಟ್ಟಿಸಿ ಅಲುಗಿಸುವ ನೀಲಿಪಟ್ಟೆ ಜೇನು, ಬಡಗಿ ಜೇನಿಗೆ ಮಾತ್ರ ಅದು ಉದುರುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಟೊಮೆಟೊ, ಬದನೆ ಹೂವಿನ ರಚನೆಯೂ ಇದೇ. ಹಿತ್ತಲಲ್ಲಿ ಬದನೆ ಹಾಕುವವರಿಗೆ ನೆಕ್ಕರಿಕೆಯ ಒಂದು ಪೊದೆ ಹತ್ತಿರವಿದ್ದರೆ ಈ ಜೇನು ಅಲ್ಲೇ ಸುತ್ತುತ್ತಿರುತ್ತದೆ.

ಗೌರಿಹೂ, ಅಂದರೆ ಅಗ್ನಿಶಿಖೆ, ಬೇಲಿಗೆ ಹಬ್ಬಿಸಿದರೆ ಹಬ್ಬದ ಹೊತ್ತಿಗೆ ಹಳದಿ-ಕೆಂಪಾಗಿ ಅರಳುತ್ತದೆ. ತಲೆ ತಗ್ಗಿಸಿದ ಹೂವಿಗೆ ಮಳೆನೀರು ತುಂಬಿಕೊಳ್ಳುವ ಭಯವಿಲ್ಲ. ಆದರೆ ಅದರ ಗಡ್ಡೆ ಪ್ರಾಣ ತೆಗೆಯುವಷ್ಟು ವಿಷ. ಮಣ್ಣು ಕೆದಕುವ ಮಕ್ಕಳು, ನಾಯಿ ಇರುವ ಮನೆಯಲ್ಲಿ ಬೇಡವೇ ಬೇಡ.

ಮಳೆ ಇಳಿದ ಮೇಲೆ. ಇಲ್ಲಿ ಕೆಲಸ ಸುಲಭ. ತುಂಬೆ ತಾನಾಗಿ ಏಳುತ್ತದೆ. ಅದು ಬಹುವಾರ್ಷಿಕವಲ್ಲ, ಆದರೆ ಕಳೆ ಎಂದು ಕೀಳದೆ ಬಿಟ್ಟರೆ ಪ್ರತಿ ವರ್ಷ ಬೀಜ ಉದುರಿಸಿ ಬರುತ್ತಲೇ ಇರುತ್ತದೆ. ಗೋರಂಟೆಯಂತೂ ಈ ಕಡೆಯ ತೋಟದ ಬೆನ್ನೆಲುಬಾಗಬೇಕು. ನೀಲಿ, ಬಿಳಿ, ಹಳದಿ ಮೂರೂ ಬಗೆ ಸಿಗುತ್ತವೆ, ದೀಪಾವಳಿಯ ಆಸುಪಾಸಿನಿಂದ ಚಳಿ ಮುಗಿಯುವವರೆಗೆ ಹೂ. ಮುಡಿಗೂ ಆಯಿತು, ಜೇನಿಗೂ ಆಯಿತು. ಪ್ಯಾನ್ಸಿ ಗುಂಪಿನ ಚಿಟ್ಟೆಗಳ ಮರಿ ಅದರ ಎಲೆ ತಿನ್ನುತ್ತವೆ. ಎಲೆಯಲ್ಲಿ ತೂತು ಕಂಡರೆ ಸಂತೋಷಪಡಿ, ಔಷಧಿ ಹೊಡೆಯಬೇಡಿ. ಕಾಯಿ ಒಣಗಿದಾಗ ಗಿಲಿಗಿಲಿ ಸದ್ದು ಮಾಡುವ ಹಳದಿ ಹೂವಿನ ಗಿಲಿಗಿಲಿ ಗಿಡವೂ (ಕ್ರೊಟಲೇರಿಯ) ಇರಲಿ. ಬ್ಲೂ ಟೈಗರ್ ಗಂಡು ಚಿಟ್ಟೆಗಳು ಅದರ ಒಣಗಿದ, ಜಜ್ಜಿದ ಭಾಗಕ್ಕೆ ಗುಂಪುಗುಂಪಾಗಿ ಮುತ್ತುತ್ತವೆ. ಸಂಗಾತಿಯನ್ನು ಸೆಳೆಯುವ ವಾಸನೆಗೆ ಬೇಕಾದ ರಸ ಅವಕ್ಕೆ ಇಂಥ ಗಿಡಗಳಿಂದಲೇ ಸಿಗಬೇಕು.

ಬೇಸಿಗೆಗೆ. ಬೇಲಿಗೆ ಆಡುಸೋಗೆ ಮತ್ತು ಲಕ್ಕಿ. ಎರಡನ್ನೂ ದನ ಮುಟ್ಟುವುದಿಲ್ಲ, ಎರಡಕ್ಕೂ ಕಡ್ಡಿ ನೆಟ್ಟರೆ ಸಾಕು, ಎರಡರಲ್ಲೂ ಜೇನಿಗೆ ಊಟ. ಕಡೂರು, ಬೀರೂರು ಕಡೆಯವರು ತಂಗಡಿಯನ್ನು ಸೇರಿಸಿಕೊಳ್ಳಿ, ಬಿಸಿಲಿಗೆ ಅದಕ್ಕಿಂತ ಗಟ್ಟಿ ಗಿಡ ಸಿಗದು. ಮೂಲೆಯಲ್ಲೊಂದು ಎಕ್ಕ, ಶ್ರೀಮುದ್ರೆ, ನೆಲಕ್ಕೆ ವಿಷ್ಣುಕ್ರಾಂತಿ. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ತುಳಸಿಯನ್ನು ಕಟ್ಟೆಯಲ್ಲಿ ಒಂದು, ತೋಟದಲ್ಲಿ ಹತ್ತು ಹಾಕಿ. ತೆನೆ ಚಿವುಟದೆ ಬಿಟ್ಟ ತುಳಸಿಯಷ್ಟು ದೀರ್ಘಕಾಲ ಪುಟ್ಟ ಜೇನುಗಳನ್ನು ಸಾಕುವ ಗಿಡ ಕಡಿಮೆ. ಕನಕಾಂಬರ ದಕ್ಷಿಣ ಭಾರತದ್ದೇ, ಅದಿದ್ದರೆ ಹಾಗೇ ಮುಂದುವರಿಸಿ.

ನೀಲಕುರಿಂಜಿ ಹಾಕಬಹುದೇ ಎಂದು ಕೇಳುವವರು 2022ರಲ್ಲಿ ಮುಳ್ಳಯ್ಯನಗಿರಿ ಕಡೆ ಗುಡ್ಡ ನೀಲಿಯಾದ ಮೇಲೆ ಹೆಚ್ಚಾಗಿದ್ದಾರೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು ಬೀಜ ಕಟ್ಟಿ ಸಾಯುವ ಗುಡ್ಡದ ಗಿಡಕ್ಕೆ ಅಂಗಳದಲ್ಲಿ ಏನು ಕೆಲಸ? ಅದನ್ನು ಗಿರಿಗೇ ಬಿಡಿ.

5. ಹುಲ್ಲು

ಹುಲ್ಲಿನ ಹೂವಿನಲ್ಲಿ ಮಕರಂದ ಇರುವುದಿಲ್ಲ, ಪರಾಗವನ್ನು ಗಾಳಿಯೇ ಒಯ್ಯುತ್ತದೆ. ಹಾಗಾದರೆ ಜೇನು-ಚಿಟ್ಟೆಯ ತೋಟದಲ್ಲಿ ಹುಲ್ಲೇಕೆ? ಬುಶ್‌ಬ್ರೌನ್, ಈವ್ನಿಂಗ್ ಬ್ರೌನ್, ರಿಂಗ್, ಸ್ವಿಫ್ಟ್ ಹೀಗೆ ನಮ್ಮ ಕಂದು ಬಣ್ಣದ ಚಿಟ್ಟೆಗಳಲ್ಲಿ ದೊಡ್ಡ ಪಾಲಿನವು ಮೊಟ್ಟೆ ಇಡುವುದೇ ಹುಲ್ಲಿನ ಮೇಲೆ. ಜಡಿಮಳೆಯಲ್ಲಿ ಹುಲ್ಲಿನ ಬುಡವೇ ಹುಳುಗಳಿಗೆ ಮಾಡು. ಕೆಮ್ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುವುದೂ ಅದರ ಬೇರೇ. ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ನಡುವಿನ ಹುಲ್ಲುಗಾವಲನ್ನು ನೋಡಿದವರಿಗೆ ಇದು ಹೊಸದಲ್ಲ, ಅಲ್ಲಿ ಹೂಗಿಡಗಳೆಲ್ಲ ಬದುಕುವುದು ಹುಲ್ಲಿನ ಸಂದಿಯಲ್ಲೇ.

ಆಯುವಾಗ ಒಂದೇ ನಿಯಮ: ಬುಡ ಕಟ್ಟಿಕೊಂಡು ನಿಂತಲ್ಲೇ ನಿಲ್ಲುವ ಹುಲ್ಲು ಬೇಕು, ನೆಲದಡಿ ಓಡುವುದು ಬೇಡ.

ಲಾವಂಚ ಮೊದಲನೆಯದು. ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್ ದಾಟುವುದುಂಟು, ಪಕ್ಕದ ಗಿಡಕ್ಕೆ ತೊಂದರೆ ಕೊಡುವುದಿಲ್ಲ. ಇಳಿಜಾರಿನ ಅಂಗಳದಲ್ಲಿ ಅಡ್ಡಸಾಲಿಗೆ ಅರ್ಧ ಅಡಿಗೊಂದು ಸಸಿ ಇಟ್ಟರೆ ಎರಡು ಮಳೆಗಾಲಕ್ಕೆ ಜೀವಂತ ಬದು. ಬೇರಿನ ಪರಿಮಳಕ್ಕೆ ಆಸೆಪಟ್ಟು ಆ ಸಾಲನ್ನೇ ಅಗೆಯಬೇಡಿ, ಬೇರು ಬೇಕಿದ್ದರೆ ಡ್ರಮ್ಮಿನಲ್ಲಿ ಬೇರೆ ಬೆಳೆಸಿ. ಎರಡನೆಯದು ನಿಂಬೆಹುಲ್ಲು ಅಥವಾ ನಮ್ಮ ಗುಡ್ಡದ ಗಂಜಣಿ ಜಾತಿ. ಮೂರಡಿಗೊಂದು ಬುಡ ಸಾಕು, ಕಷಾಯಕ್ಕೂ ಬರುತ್ತದೆ. ಬಯಲು ಕಡೆ ಪೊರಕೆ ಕಟ್ಟುವ ಹಂಚಿಕಡ್ಡಿ ಬಡ ಮಣ್ಣಿಗೆ ಹೇಳಿ ಮಾಡಿಸಿದ್ದು, ಹೊಲದ ಬದುವಿನಿಂದ ಬೀಜ ತಂದು ಉದುರಿಸಿದರೂ ಬರುತ್ತದೆ.

ದರ್ಭೆ ಪವಿತ್ರವಾದರೂ ನೆಲದಡಿ ಓಡುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಬೇಕೇಬೇಕಾದರೆ ತೊಟ್ಟಿಯಲ್ಲಿ. ಕೊನ್ನಾರಿ ಗಡ್ಡೆ ಇರುವ ಮಣ್ಣನ್ನು ತೋಟಕ್ಕೆ ತರಲೇಬೇಡಿ. ಓಡಾಡುವ ಜಾಗಕ್ಕೆ ಗರಿಕೆ ಚೆನ್ನ, ನೆಲಕ್ಕಂಟಿ ಕತ್ತರಿಸದೆ ಮೂರ್ನಾಲ್ಕು ಇಂಚು ಬಿಟ್ಟರೆ ಅದರಲ್ಲೂ ಚಿಟ್ಟೆ ಮರಿ ಬೆಳೆಯುತ್ತವೆ. ದನಕ್ಕೆ ಹಾಕುವ ಸೀಮೆಹುಲ್ಲು, ಗಿನಿ ಹುಲ್ಲು ಎರಡೂ ಆಫ್ರಿಕಾದವು. ಕೊಟ್ಟಿಗೆ ಹಿಂದಿರಲಿ, ಹೂತೋಟಕ್ಕೆ ಬೇಡ.

ಹುಲ್ಲು ಎಂದ ಕೂಡಲೇ ಮನೆಯವರು ‘ಹಾವು’ ಅನ್ನುತ್ತಾರೆ, ಮಲೆನಾಡಾದರೆ ‘ಉಂಬಳ’ ಎಂದೂ ಸೇರಿಸುತ್ತಾರೆ. ಭಯ ಸುಳ್ಳಲ್ಲ. ಎತ್ತರದ ಹುಲ್ಲಿನ ಬುಡಗಳನ್ನು ಬಾಗಿಲಿನಿಂದ ಹತ್ತು-ಹನ್ನೆರಡು ಅಡಿ ದೂರವಿಡಿ. ನಡುವೆ ಎರಡಡಿ ಅಗಲದ ಕಾಲುದಾರಿ ಸದಾ ಚೊಕ್ಕಟವಾಗಿರಲಿ, ಕಲ್ಲಿನ ರಾಶಿ, ಸೌದೆ ರಾಶಿಯನ್ನು ಹುಲ್ಲಿಗೆ ತಾಗಿಸಬೇಡಿ. ತೋಟದ ಅಂಚು ನೇರವಾಗಿ, ಕಲ್ಲು ಜೋಡಿಸಿದಂತಿದ್ದರೆ ‘ಏನ್ರೀ ಕಾಡು ಬೆಳೆಸಿದ್ದೀರಾ’ ಎನ್ನುವ ನೆರೆಮನೆಯ ಮಾತೂ ಅರ್ಧ ಕಡಿಮೆಯಾಗುತ್ತದೆ.

6. ಗಿಡ ಎಲ್ಲಿ ಸಿಗುತ್ತದೆ

ಅಲಂಕಾರದ ನರ್ಸರಿಯಲ್ಲಿ ಇವುಗಳ ಹೆಸರು ಹೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಔಷಧಿ ಗಿಡ ಮಾರುವಲ್ಲಿ ಕೇಳಿ. ಗಂಟುಭಾರಂಗಿ, ಈಶ್ವರಿ ಬಳ್ಳಿ, ಆಡುಸೋಗೆ, ಲಾವಂಚ ಎಲ್ಲವೂ ಆಯುರ್ವೇದದ ಪಟ್ಟಿಯಲ್ಲಿರುವುದರಿಂದ ಅಲ್ಲಿ ಸಿಗುತ್ತವೆ. ಗೋರಂಟೆ, ಲಕ್ಕಿ, ಕಾಡು ಅರಿಶಿನಕ್ಕೆ ದುಡ್ಡು ಕೊಡಬೇಡಿ, ನೆಂಟರ ಹಿತ್ತಲಿದೆ.

ಕಾಡಿನಿಂದ ಕಿತ್ತು ತರುವುದು ತಪ್ಪು, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ. ನಿಮ್ಮ ತೋಟದಂಚಿನ, ಹೊಲದ ಬದುವಿನ ಬೀಜ, ಕಡ್ಡಿ ಸಾಕು.

ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಸಸಿಯ ಬುಡಕ್ಕೆ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಹಾಕಿದ್ದೀರಾ? ಇದು ಗಿಡದೊಳಗೆ ಏರಿ ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. ಜೇನಿಗೆಂದು ತಂದ ಗಿಡವೇ ಜೇನಿಗೆ ವಿಷವಾಗಬಾರದು.

7. ನೆಡುವ ಕಾಲ, ಕ್ರಮ

ಕಡ್ಡಿಗಳನ್ನು ಮೃಗಶಿರ, ಆರಿದ್ರಾ ಮಳೆಯಲ್ಲಿ ನೆಡಿ. ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗಣ್ಣಿನ ಕಡ್ಡಿ, ಎರಡು ಗಣ್ಣು ಮಣ್ಣಿನೊಳಗೆ. ಗಡ್ಡೆಗಳನ್ನು ಅದಕ್ಕೂ ಮೊದಲು, ರೋಹಿಣಿಯ ಹೊತ್ತಿಗೇ ಇಳಿಸಬೇಕು. ಗೌರಿಹೂವಿನ ಗಡ್ಡೆಯ ತುದಿಯ ಮೊಳಕೆ ಮುರಿದರೆ ಆ ವರ್ಷ ಗಿಡ ಏಳುವುದಿಲ್ಲ, ಅಡ್ಡ ಮಲಗಿಸಿ ಮೆಲ್ಲಗೆ ಮುಚ್ಚಿ. ತಂಗಡಿ, ಗಿಲಿಗಿಲಿ ಬೀಜದ ಸಿಪ್ಪೆ ಗಟ್ಟಿ. ಕುದಿಯುವ ನೀರು ಒಲೆಯಿಂದಿಳಿಸಿ ಸ್ವಲ್ಪ ಆರಿದ ಮೇಲೆ ಬೀಜ ಹಾಕಿ, ರಾತ್ರಿ ನೆನೆಸಿಟ್ಟು ಬೆಳಗ್ಗೆ ಬಿತ್ತಿ.

ಶೃಂಗೇರಿ, ಕೊಪ್ಪದಂಥ ಕಡೆ ಪುನರ್ವಸು, ಪುಷ್ಯ ಮಳೆಯಲ್ಲಿ ಎಳೆ ಸಸಿ ಹಾಕಿದರೆ ಕೊಳೆತು ಹೋಗುತ್ತವೆ. ಜೂನ್ ಮೊದಲಲ್ಲೇ ಮುಗಿಸಿ, ಇಲ್ಲವೇ ಮಘೆ ಕಳೆಯಲಿ. ಕಡೂರಿನವರು ಉತ್ತರೆ, ಹಸ್ತದ ಮಳೆಯನ್ನೂ ಬಳಸಿಕೊಳ್ಳಬಹುದು.

ಎತ್ತರದವು ಹಿಂದೆ, ಗಿಡ್ಡವು ಮುಂದೆ. ಆಡುಸೋಗೆಗೆ ಮೂರಡಿ, ಗೋರಂಟೆಗೆ ಎರಡಡಿ, ನೆಲತೆಂಗು, ವಿಷ್ಣುಕ್ರಾಂತಿಗೆ ಒಂದಡಿ ಅಂತರ. ಸಂದಿಯಲ್ಲಿ ಹುಲ್ಲಿನ ಬುಡ. ಗೊಬ್ಬರವೆಂದರೆ, ಗಿಡ ನೆಡುವ ಗುಂಡಿಗೆ ಒಂದು ಬೊಗಸೆ ಹಟ್ಟಿಗೊಬ್ಬರ ಹಾಕಿದರೆ ಮುಗಿಯಿತು, ಯೂರಿಯಾ ಬೇಡ. ಹೆಚ್ಚು ತಿಂದ ನಾಡ ಗಿಡ ಸೊಪ್ಪು ಬಿಟ್ಟು ಅಡ್ಡ ಬೀಳುತ್ತದೆ, ಹೂ ಕಡಿಮೆ.

8. ಆಮೇಲಿನ ಆರೈಕೆ

ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬುಡ ನೆನೆಯುವಂತೆ ನೀರು ಕೊಡಿ. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ತರಗೆಲೆ ಹೊದಿಕೆ ಹಾಕಿ, ಆದರೆ ಪೂರ್ತಿ ಮುಚ್ಚಬೇಡಿ. ಬಿಸಿಲು ಬೀಳುವ ಕಡೆ ಒಂದೆರಡು ಅಡಿ ಬರಿ ನೆಲ ಬಿಡಿ, ಎಷ್ಟೋ ಒಂಟಿ ಜೇನುಗಳು ನೆಲ ತೋಡಿಯೇ ಗೂಡು ಮಾಡುತ್ತವೆ. ನೀಲಿಪಟ್ಟೆ ಜೇನಿಗೆ ಮಣ್ಣುಗೋಡೆ ಇಷ್ಟ. ಹಳೆಯ ಕೊಟ್ಟಿಗೆಯ ಮಣ್ಣುಗೋಡೆ ಉಳಿದಿದ್ದರೆ ಸಿಮೆಂಟ್ ಮೆತ್ತಬೇಡಿ. ಬಡಗಿ ಜೇನಿಗೆ ಒಣ ಬಿದಿರಿನ ತುಂಡು ಸಾಕು, ಸೂರಿನಡಿ ಕಟ್ಟಿ.

ಕತ್ತರಿಸುವ ವಿಷಯದಲ್ಲಿ ಕೈ ಹಿಡಿತವಿರಲಿ. ಹಬ್ಬಕ್ಕೆ ಅಂಗಳ ಚೊಕ್ಕಟ ಮಾಡುವ ಹುರುಪಿನಲ್ಲಿ ಎಲ್ಲವನ್ನೂ ನೆಲಸಮ ಮಾಡಿದರೆ ಒಣಕಡ್ಡಿಯೊಳಗಿದ್ದ ಪುಟ್ಟ ಜೇನಿನ ಮರಿಗಳೂ ಕಸದ ಬೆಂಕಿಗೆ ಹೋಗುತ್ತವೆ. ಹೂ ಮುಗಿದ ಕಡ್ಡಿಯನ್ನು ಮೊಳದೆತ್ತರ ಬಿಟ್ಟು ಕತ್ತರಿಸಿ. ಹುಲ್ಲನ್ನು ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ಅರ್ಧ ಭಾಗ ಮಾತ್ರ ಕೊಯ್ಯಿರಿ. ಉಳಿದರ್ಧ ಮುಂದಿನ ವರ್ಷಕ್ಕೆ. ಬೆಂಕಿ ಹಾಕುವುದು ಬೇಡ.

ಒಂದು ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲಿನ ತಲೆ ಕಾಣುವಷ್ಟು ನೀರು ಹಾಕಿ. ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ಬದಲಿಸಿ, ಚೆಲ್ಲಿದ ನೀರಿನ ಒದ್ದೆ ಮಣ್ಣು ಚಿಟ್ಟೆಗಳಿಗೆ ಬೇಕು. ಪಕ್ಕದ ತೋಟಕ್ಕೆ ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಕಾಫಿ ಅರಳಿರುವ ದಿನಗಳಲ್ಲಂತೂ ಪಂಪ್ ಕ್ಯಾನಿಗೆ ಕೈ ಹಾಕಬೇಡಿ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡ ಜೇನು ಕೃಷಿಕರು ಈಗಲೂ ನಮ್ಮ ನಡುವೆ ಇದ್ದಾರೆ. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಔಷಧಿ ಹೊಡೆಯುವ ಹೊತ್ತನ್ನು ಬದಲಿಸುವುದು ಇದೆ.

ಮೂರನೆಯ ವರ್ಷಕ್ಕೆ ನಿಂಬೆಹುಲ್ಲು, ಅರಿಶಿನ ಎಲ್ಲ ದಟ್ಟವಾಗುತ್ತವೆ, ನಡುವಿನ ಭಾಗ ಒಣಗತೊಡಗುತ್ತದೆ. ರೋಹಿಣಿ ಮಳೆಗೆ ಮೊದಲು ಬುಡ ಅಗೆದು ನಾಲ್ಕು ಪಾಲು ಮಾಡಿ. ಒಂದು ಪಾಲು ಹಳೆಯ ಜಾಗಕ್ಕೆ, ಉಳಿದದ್ದು ಬೀದಿಯಲ್ಲಿ ಕೇಳಿದವರಿಗೆ. ಅದೇ ಹೊತ್ತಿಗೆ ಕ್ಯಾಲೆಂಡರಿನ ಪಟ್ಟಿಯನ್ನು ಮತ್ತೆ ತೆಗೆದು, ಯಾವ ತಿಂಗಳ ಹಾಳೆ ಇನ್ನೂ ಖಾಲಿ ಇದೆಯೋ ಆ ತಿಂಗಳಿಗೆ ಒಂದೇ ಒಂದು ಹೊಸ ಜಾತಿ ಸೇರಿಸಿ.